ಮುಂದಿನ ಗಾಡಿ

ನಡೆಯುವಾಗ ನೆಲ ನೋಡಿಕೊಂಡು ನಡೆಯಬೇಕೆಂದು ಹಿರಿಯರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತ ಬಂದವನು ನಾನು. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋದ ಮುಗಿಲು ಮುಟ್ಟುವ ಕಟ್ಟಡಗಳ ಬಗೆಗೆ ಯಾರಾದರೂ ಕೇಳಿದರೆ ತಡವರಿಸುತ್ತೇನೆ; ಅದೇ ಊರಿನ ಡಾಂಬರಿನ ಬಗೆಗೆ ಕೇಳಿ ನೋಡಿ, ಕೇಳಿದವರು ತಾವಾಗಿ ಕೈಮುಗಿದು ಹೊರಡುವ ತನಕ ಮಾತಾಡಬಲ್ಲೆ. ಯಾವುದೋ ಚೌಕದಲ್ಲಿ ಡಾಂಬರು ಸವೆದು ಒಂದು ಗೇಣು ಕಬ್ಬಿಣ ಹೊಳೆಯುತ್ತಿರುತ್ತದೆ. ಅದು ಎಲ್ಲಿಂದಲೂ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಉಳಿದವರು ಅದನ್ನು ದಾಟಿ ಹೋದರೆ ನಾನು ನಿಂತುಬಿಡುತ್ತೇನೆ. ಹಿಂದೊಮ್ಮೆ ಇಲ್ಲಿ ಸ್ಟ್ರೀಟ್‌ಕಾರು ಎಂಬ ಟ್ರಾಮು ಓಡುತ್ತಿತ್ತು, ಆಮೇಲೆ ಬಸ್ಸು ಬಂತು, ಹಳಿ ಕೀಳುವ ಶ್ರಮವೇಕೆಂದು ಮೇಲೆ ಡಾಂಬರು ಸುರಿದರು. ಹಳೆಯ ಹಳಿಯನ್ನು ಹಳಿಯುವವರೇ ಹೆಚ್ಚಾಗಿರುವ ಈ ಕಾಲದಲ್ಲಿ ಅದನ್ನು ಹುಡುಕಿಕೊಂಡು ಅಲೆಯುವವನು ಬಹುಶಃ ನಾನೊಬ್ಬನೇ.

ಇದನ್ನು ಇತಿಹಾಸಪ್ರೇಮವೆಂದು ಗೌರವಿಸುವ ಸ್ನೇಹಿತರಿದ್ದಾರೆ. ಅವರನ್ನು ನಿರಾಶೆಗೊಳಿಸಲು ಮನಸ್ಸಿಲ್ಲ, ಆದರೆ ಓದುಗರಾದ ನಿಮ್ಮಲ್ಲಿ ಮುಚ್ಚುಮರೆಯೇಕೆ? ಇದು ಪ್ರೇಮವಲ್ಲ, ಶುದ್ಧ ಪುಕ್ಕಲುತನ. ಐವತ್ತು ಮೈಲಿ ದಕ್ಷಿಣದ ಕ್ಯಾಂಪ್‌ಬೆಲ್ಲಿನ ಕಡೆ ಮನೆ ಮಾಡಿರುವ ನಮ್ಮ ಬೆಂಗಳೂರಿನ ಗೆಳೆಯರೆಲ್ಲ ವಾರಕ್ಕೊಮ್ಮೆ ಫೋನು ಮಾಡಿ, ಒಂದು ಕಾರು ತಗೊಳ್ಳಯ್ಯಾ ಎಂದು ಬುದ್ಧಿ ಹೇಳುತ್ತಾರೆ. ಗೋಡೆಯಂತೆ ನಿಂತ ಈ ಊರಿನ ಏರುರಸ್ತೆಗಳಲ್ಲಿ ಎರಡು ಬಾರಿ ಡ್ರೈವಿಂಗ್ ಪರೀಕ್ಷೆಗೆ ಕೂತು, ಎರಡು ಬಾರಿಯೂ ಪರೀಕ್ಷಕರನ್ನು ದೇವರ ಸ್ಮರಣೆ ಮಾಡುವಂತೆ ಮಾಡಿ ಇಳಿದು ಬಂದವನು ನಾನು. ಫ್ರೀವೇ ಎಂಬ ಹೆಸರು ಕೇಳಿದರೇ ಅಂಗೈ ಬೆವರುತ್ತದೆ. ಸ್ಟ್ರೀಟ್‌ಕಾರು ಹಾಗಲ್ಲ, ಹಳಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ, ಡ್ರೈವರನಿಗೆ ಬುದ್ಧಿ ಕೆಟ್ಟರೂ ಪಕ್ಕದ ಬೀದಿಗೆ ತಿರುಗಲಾರದು. ಮೈಸೂರಿಗೆ ಬರೆದ ಮೊದಲ ಕಾಗದದಲ್ಲಿ 'ಪ್ರತಿದಿನ ಕಾರಿನಲ್ಲೇ ಆಫೀಸಿಗೆ ಹೋಗಿಬರುತ್ತೇನೆ' ಎಂದು ಬರೆದಿದ್ದೆ. ಸುಳ್ಳೇನಲ್ಲ. ಅದರ ಹಿಂದೆ 'ಸ್ಟ್ರೀಟ್' ಎಂಬ ವಿಶೇಷಣವಿದೆ, ಅದನ್ನು ಹೊಣೆಯರಿತು ಬಿಟ್ಟಿದ್ದೆ, ಅಷ್ಟೆ.

ಹೀಗೆ ನಂಬಿಕೆಯಿಟ್ಟು ಹತ್ತಿದ ವಾಹನದ ಪೂರ್ವಾಪರ ತಿಳಿಯೋಣವೆಂದು ಆಫೀಸಿನ ಊಟದ ಬಿಡುವಿನಲ್ಲಿ ಲೈಬ್ರರಿಗೆ ಹೋಗಿ ಹಳೆಯ ನಕ್ಷೆಗಳನ್ನು ಹರಡಿಕೊಂಡು ಕೂತದ್ದೇ ನನ್ನ ನೆಮ್ಮದಿಗೆ ಮುಳುವಾಯಿತು. ಒಂದು ಕಾಲಕ್ಕೆ ಮಾರ್ಕೆಟ್ ಸ್ಟ್ರೀಟಿನಲ್ಲಿ ಎರಡಲ್ಲ, ನಾಲ್ಕು ಸಾಲು ಹಳಿಗಳಿದ್ದವಂತೆ. ನಡುವಿನವು ಖಾಸಗಿಯವರವು, ಅಂಚಿನವು ನಗರಸಭೆಯವು. ದಾಯಾದಿಗಳು ಒಂದೇ ಅಂಗಳದಲ್ಲಿ ಎರಡು ಒಲೆ ಹೂಡಿದ ಹಾಗೆ ಇಬ್ಬರ ಗಾಡಿಗಳೂ ಮಗ್ಗುಲು ಮಗ್ಗುಲಿಗೆ ಗಂಟೆ ಬಾರಿಸುತ್ತ ಓಡುತ್ತಿದ್ದವು. ಖಾಸಗಿಯವರ ಮಾರ್ಗಗಳಿಗೆ ಅಂಕಿಗಳು, ನಗರಸಭೆಯ ಮಾರ್ಗಗಳಿಗೆ ಅಕ್ಷರಗಳು. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ನಮ್ಮ ಮೇಷ್ಟರು ಹೇಳಿಕೊಟ್ಟಿದ್ದರು. ಆದರೆ ಇಲ್ಲಿ ಎ ಹೋಯಿತು, ಬಿ ಹೋಯಿತು, ಸಿ, ಡಿ, ಇ, ಎಫ್ ಒಂದೊಂದಾಗಿ ಹೋದವು, ಎಚ್ ಕೂಡ ಹೋಯಿತು. ಬಸ್ಸುಗಳು ಬಂದು ಅಕ್ಷರಗಳನ್ನೆಲ್ಲ ಕ್ಷರ ಮಾಡಿ ಹಾಕಿದವು. ಕೊನೆಗುಳಿದವು ಜೆ, ಕೆ, ಎಲ್, ಎಂ, ಎನ್ ಎಂಬ ಐದೇ. ಇವು ಉಳಿದದ್ದು ಯಾರ ಕರುಣೆಯಿಂದಲೂ ಅಲ್ಲ. ಇವುಗಳ ದಾರಿಯಲ್ಲಿ ಗುಡ್ಡ ಕೊರೆದ ಸುರಂಗವೋ ಬೀದಿ ಬಿಟ್ಟು ಹತ್ತುವ ಏರೋ ಇದ್ದು, ಬಸ್ಸಿಗೆ ಅಲ್ಲಿ ನುಗ್ಗಲಾಗಲಿಲ್ಲ.

ಇಷ್ಟೇ ಆಗಿದ್ದರೆ ಕತೆ ಕೇಳಿ ಸುಮ್ಮನಿರಬಹುದಿತ್ತು. ನಾನು ಬರುವ ಹೊತ್ತಿಗೆ ಈ ಐದನ್ನೂ ಮಾರ್ಕೆಟ್ ಸ್ಟ್ರೀಟಿನ ನೆಲದೊಳಗೆ ಇಳಿಸಿದ್ದರು. ನೆಲದೊಳಗೆ ಜಾಗ ಕಡಿಮೆ, ಗಾಡಿಗಳು ಹೆಚ್ಚು. ಅದಕ್ಕೆ ಒಂದು ಉಪಾಯ ಮಾಡಿದ್ದರು: ಊರಿನೊಳಗೆ ಬರುವಾಗ ಕೆ, ಎಲ್, ಎಂ ಗಾಡಿಗಳನ್ನು ವೆಸ್ಟ್ ಪೋರ್ಟಲ್ ಎಂಬ ಸುರಂಗದ ಬಾಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುವುದು, ಊರಿನಿಂದ ಹೊರಟಾಗ ಅಲ್ಲಿಯೇ ಕೊಂಡಿ ಕಳಚಿ ಅದರದರ ದಾರಿಗೆ ಬಿಡುವುದು. ಜೆ ಮತ್ತು ಎನ್ ಗಾಡಿಗಳಿಗೆ ಬೇರೊಂದು ಕಡೆ ಇದೇ ಶಾಸ್ತ್ರ. ಅಂದರೆ ಒಂದೇ ರೈಲಿನಲ್ಲಿ, ಒಂದೇ ಹೊತ್ತಿನಲ್ಲಿ ಹತ್ತಿದ ಇಬ್ಬರಲ್ಲಿ ಒಬ್ಬ ಪ್ರಾಣಿಸಂಗ್ರಹಾಲಯದ ಸಮುದ್ರತೀರಕ್ಕೂ ಮತ್ತೊಬ್ಬ ಊರಿನ ದಕ್ಷಿಣದ ಅಂಚಿಗೂ ಹೋಗಿ ಬೀಳಬಹುದು. ಇದನ್ನು ತಿಳಿದ ದಿನದಿಂದ ನಾನು ಹತ್ತುವ ಮುನ್ನ ಗಾಡಿಯ ಹಣೆಪಟ್ಟಿಯ ಅಕ್ಷರ ಓದಿ, ಪಕ್ಕದವರನ್ನು ಕೇಳಿ, ಆಮೇಲೆ ಡ್ರೈವರನನ್ನೂ ಕೇಳದೆ ಕಾಲಿಡುತ್ತಿರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನಗೆ ಓದು ಒಕ್ಕಾಲು, ದಿಗಿಲು ಮುಕ್ಕಾಲು.

ಆ ಬೇಸಿಗೆಯಲ್ಲಿ ನನ್ನ ಮಾವ, ಅಂದರೆ ಹೆಂಡತಿ ವಿಜಯಾಳ ತಂದೆ, ಹುಬ್ಬಳ್ಳಿಯಿಂದ ಮೂರು ತಿಂಗಳ ಮಟ್ಟಿಗೆ ಬಂದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ, ನಿಲುವು ನೆಟ್ಟಗೆ. ಇಂಗ್ಲಿಷು ಅಕ್ಷರ ಓದಬಲ್ಲರು, ರೈಲ್ವೆಯ ಹತ್ತಿಪ್ಪತ್ತು ಮಾತು ಬಲ್ಲರು. ಅಮೆರಿಕದವರ ಬಾಯಿಂದ ಬರುವ ಇಂಗ್ಲಿಷು ಮಾತ್ರ ಅವರಿಗೆ ಅರ್ಥವಾಗುತ್ತಿರಲಿಲ್ಲ. ಐದು ವರ್ಷದ ನಮ್ಮ ಮಗಳು ಮೇಘಾಗೆ ಕನ್ನಡ ತಿಳಿಯುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಇವರು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು, ಇಬ್ಬರೂ ತಲೆಯಾಡಿಸುವುದು. ಅಜ್ಜ ಮೊಮ್ಮಗಳ ಸಂಸಾರ ಹೀಗೆ ಸುಸೂತ್ರವಾಗಿ ನಡೆದಿತ್ತು.

ಅಂದಿನ ದಿನಗಳಲ್ಲಿ ಬೇಸಿಗೆ ಬಂದರೆ ಮಾರ್ಕೆಟ್ ಸ್ಟ್ರೀಟಿನ ನೆಲದ ಮೇಲಿನ ಹಳಿಗಳಲ್ಲಿ ಬೇರೆ ಬೇರೆ ದೇಶಗಳ ಹಳೆಯ ಸ್ಟ್ರೀಟ್‌ಕಾರುಗಳನ್ನು ಓಡಿಸುತ್ತಿದ್ದರು. ರೈಲ್ವೆಯವರಿಗೆ ಇದಕ್ಕಿಂತ ತೀರ್ಥಯಾತ್ರೆ ಬೇರೆ ಬೇಕೆ? ಒಂದು ಶನಿವಾರ ಬೆಳಿಗ್ಗೆ ಮಾವನವರನ್ನೂ ಮೇಘಾಳನ್ನೂ ಕರೆದುಕೊಂಡು ಹೊರಟೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದಿದ್ದ ವಿಜಯಾ, 'ಕೂಸಿನ ಕೈ ಬಿಡಬ್ಯಾಡ್ರಿ' ಎಂದಷ್ಟೇ ಹೇಳಿ ಮಲಗಿದಳು. ನಮ್ಮ ಮನೆ ತಾರಾವಲ್ ಬೀದಿಯ ಹತ್ತಿರ, ಎಲ್ ಗಾಡಿಯ ದಾರಿಯಲ್ಲಿ. ವೆಸ್ಟ್ ಪೋರ್ಟಲ್ ತಲುಪಿದಾಗ ನಮ್ಮ ಗಾಡಿಯನ್ನು ಕೆ ಗಾಡಿಗೆ ಜೋಡಿಸುವುದನ್ನು ಕಂಡು ಮಾವನವರ ಮುಖ ಅರಳಿತು. ಇಳಿದು ನೋಡಿಯೇ ತೀರಬೇಕೆಂದರು. ಬಿಟ್ಟುಹೋದೀತೆಂಬ ಭಯದಲ್ಲಿ ನಾನು ಬಾಗಿಲು ಮುಚ್ಚದಂತೆ ಅಡ್ಡ ನಿಂತೆ; ಅವರು ಬಗ್ಗಿ ಕೊಂಡಿ ನೋಡಿ ಬಂದು, 'ಛಲೋ ಕೂಡಸ್ತಾರ' ಎಂದು ಪ್ರಮಾಣಪತ್ರ ಕೊಟ್ಟರು. ಹಳೆಯ ಗಾಡಿಗಳನ್ನೂ ಕಣ್ತುಂಬ ನೋಡಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಮನೆಗೆ ಮರಳಲು ಮೂವರೂ ನೆಲದೊಳಗಿನ ಪೊವೆಲ್ ಸ್ಟೇಷನ್ನಿಗೆ ಇಳಿದೆವು.

ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲೆ ಯಾವುದೋ ಮೆರವಣಿಗೆ ಮುಗಿದು ಊರಿಗೆ ಊರೇ ಕೆಳಗಿಳಿದಿತ್ತು. ಸುರಂಗದೊಳಗಿಂದ ದೀಪ ಕಂಡಿತು. ಬಂದದ್ದು ಜೋಡಿ ಗಾಡಿ. ಮುಂದಿನದರ ಹಣೆಯ ಮೇಲೆ ಎಲ್, ಹಿಂದಿನದರ ಮೇಲೆ ಕೆ. ತಿರುಗಿ ನೋಡಿದೆ, ಮಾವನವರು ಮೇಘಾಳ ಕೈ ಹಿಡಿದು ನಾಲ್ಕು ಹೆಜ್ಜೆ ಹಿಂದಿದ್ದರು. 'ಮುಂದಿನ ಗಾಡಿ ನಮ್ದು, ಮಾವಾ!' ಎಂದು ಕೂಗಿ ಓಡಿದೆ. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿದು ಬೆಳೆದವನಿಗೆ ಆ ವಿದ್ಯೆ ಸಾಯುವ ತನಕ ಮರೆಯುವುದಿಲ್ಲ. ಇಲ್ಲಿ ಕಿಟಕಿಯಿಂದ ಎಸೆಯುವಂತಿಲ್ಲವಾದ್ದರಿಂದ ಟವಲಿನ ಬದಲು ನಾನೇ ಹೋಗಿ ಬಿದ್ದೆ. ಒಂದು ಸೀಟಿನ ಮೇಲೆ ಕೋಟು, ಇನ್ನೊಂದರ ಮೇಲೆ ಬುತ್ತಿಯ ಚೀಲ, ಮೂರನೆಯದರ ಮೇಲೆ ನಾನು. ವಿಜಯೋತ್ಸಾಹದಿಂದ ಬಾಗಿಲ ಕಡೆ ನೋಡುತ್ತೇನೆ, ಬಾಗಿಲು ಮುಚ್ಚಿದೆ.

ಗಾಜಿನಾಚೆ ಮಾವನವರು ನಿಂತಿದ್ದರು, ಮೇಘಾ ಪಕ್ಕದಲ್ಲಿದ್ದಳು. ಇಬ್ಬರಿಗೂ ಗಾಬರಿಯೇ ಇಲ್ಲ. ಗಾಡಿ ಅಲುಗಿದಾಗ ಮಾವನವರು ಬಲಗೈ ನೀಡಿ, ಮೂವತ್ತು ವರ್ಷ ಹಸಿರು ಬಾವುಟ ಬೀಸಿದ ಅಭ್ಯಾಸದಲ್ಲಿ, ನನ್ನನ್ನು ನಿಧಾನವಾಗಿ ಬೀಳ್ಕೊಟ್ಟರು. ಗಾಜನ್ನು ಗುದ್ದಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೂಗಿದೆ. ಸುತ್ತಲಿನವರು ನಾನು ಕೋಟು ಹಾಸಿದ್ದ ಸೀಟು ಬಿಟ್ಟು ಇನ್ನಷ್ಟು ದೂರ ಸರಿದು ನಿಂತರು.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಇನ್ನೊಂದು ಮಗ್ಗುಲಿಗೆ ಬಂದ ಗಾಡಿ ಹತ್ತಿ, ಪೊವೆಲ್‌ಗೆ ಹಿಂದಿರುಗುವಷ್ಟರಲ್ಲಿ ಹತ್ತು ನಿಮಿಷವೂ ಆಗಿರಲಾರದು. ಅವರಿಬ್ಬರೂ ಇರಲಿಲ್ಲ. ಕಂಬಗಳ ಹಿಂದೆ ನೋಡಿದೆ, ಬೆಂಚುಗಳಲ್ಲಿ ನೋಡಿದೆ, ಮೆಟ್ಟಿಲು ಹತ್ತಿ ಬೀದಿಗೆ ಹೋಗಿ ನೋಡಿ ಮತ್ತೆ ಇಳಿದೆ. ಗೇಟಿನ ಬಳಿಯ ಬೂತಿನಲ್ಲಿದ್ದವನನ್ನು ಕೇಳಿದರೆ, ನಿನ್ನ ಗಾಡಿಯ ಹಿಂದೆ ಇನ್ನೆರಡು ಹೋದವು, ಒಂದು ಕೆ ಮತ್ತು ಎಂ, ಮತ್ತೊಂದು ಎನ್ ಮತ್ತು ಜೆ ಎಂದ.

ಆಗ ನನ್ನ ವಿದ್ಯೆಯೆಲ್ಲ ಒಟ್ಟಿಗೆ ಮೇಲೆದ್ದು ಬಂತು. ಏನೂ ಅರಿಯದವನಿಗೆ ಮಗು ಕಳೆದಿದೆ ಎಂಬ ಒಂದೇ ಸಂಕಟವಿರುತ್ತಿತ್ತು, ನನಗೆ ನಾಲ್ಕು. ಕೆ ಹತ್ತಿದ್ದರೆ ಎಲ್ಲಿ ತಿರುಗುತ್ತದೆ, ಎಂ ಹತ್ತಿದ್ದರೆ ಎಲ್ಲಿ ಬೀದಿ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಜೆ ಹತ್ತಿದ್ದರೆ ಯಾವ ಉದ್ಯಾನದ ಬೆನ್ನ ಮೇಲೆ ಏರುತ್ತದೆ, ಎನ್ ಹತ್ತಿದ್ದರೆ ಸಮುದ್ರಕ್ಕೆ ಎಷ್ಟು ಹತ್ತಿರ ನಿಲ್ಲುತ್ತದೆ, ಎಲ್ಲವನ್ನೂ ನಾನು ಬಲ್ಲೆ. ಪ್ರತಿಯೊಂದು ಕೊನೆಯಲ್ಲೂ ಮಂಜಿನಲ್ಲಿ ಕೈಕೈ ಹಿಡಿದು ನಿಂತ ಇಬ್ಬರು ಕಂಡರು. ಸಮುದ್ರದ ಹತ್ತಿರ ಕಂಡವರನ್ನು ನೆನೆದು ಅಲ್ಲಿಯೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೈ ಬಿಡಬೇಡಿ ಎಂದು ವಿಜಯಾ ಹೇಳಿದ್ದಳು. ನಾನು ಕೈ ಹಿಡಿದೇ ಇರಲಿಲ್ಲ. ಸೀಟು ಹಿಡಿದಿದ್ದೆ.

ಮನೆಗೆ ಫೋನು ಮಾಡುವುದಕ್ಕೂ ಧೈರ್ಯ ಬೇಕಲ್ಲ. ಸ್ಟೇಷನ್ನಿನ ಫೋನಿನ ಮುಂದೆ ಎರಡು ಸಲ ಹೋಗಿ ಎರಡು ಸಲ ಹಿಂದೆ ಬಂದೆ. ಮಾಡದಿದ್ದರೆ ಅವಳಿಗೆ ಗೊತ್ತಾಗುವುದಿಲ್ಲ, ಗೊತ್ತಾಗದಷ್ಟು ಹೊತ್ತು ಆದದ್ದು ಆಗಿಲ್ಲ ಎಂಬ ಹುಚ್ಚು ತರ್ಕ ನನ್ನನ್ನು ತಡೆದಿತ್ತು. ಮೂರನೆಯ ಸಲ ಮಾಡಿದೆ. ನಿದ್ದೆಗಣ್ಣಿನಲ್ಲಿ ಎತ್ತಿದಳು. ಹೇಳಿದೆ.

'ಅಪ್ಪಗ ಏನಂತ ಹೇಳಿದ್ರಿ ನೀವು? ಅದೇ ಮಾತು ಹೇಳ್ರಿ.'

'ಮುಂದಿನ ಗಾಡಿ ನಮ್ದು ಅಂದೆ.'

'ಹಂಗಾದ್ರ ಅವರದೇನೂ ತಪ್ಪಿಲ್ಲ. ಮುಂದಿನ ಗಾಡಿ ಹತ್ತ್ಯಾರ. ನೀವು ಡಬ್ಬಿ ಅನಬೇಕಿತ್ತು.'

ಚಕ್ರವಿದ್ದದ್ದೆಲ್ಲ ಗಾಡಿಯಾಗಿರುವ ಊರಿನವನು ನಾನು. ಜೋಡಿಯಲ್ಲಿ ಮುಂದಿರುವುದು ನನಗೆ ಮುಂದಿನ ಗಾಡಿ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಗಾಡಿಯೆಂದರೆ ಎಂಜಿನ್ನಿನಿಂದ ಕೊನೆಯವರೆಗಿನ ಇಡೀ ರೈಲು, ಅದರ ತುಂಡುಗಳು ಡಬ್ಬಿಗಳು. ಅಲ್ಲಿ ಮುಂದಿನ ಗಾಡಿಯೆಂದರೆ ಇದು ಹೋದ ಮೇಲೆ ಬರುವುದು. ಅಳಿಯ ಹೇಳಿದ ಮಾತಿಗೆ ಬೆಲೆ ಕೊಟ್ಟು ಅವರು ಹಿಂದೆ ನಿಂತಿದ್ದರು. ನಾನು ಓಡಿದ್ದು ಡ್ರೈವರನನ್ನು ಏನೋ ಕೇಳುವುದಕ್ಕೆ ಎಂದುಕೊಂಡಿದ್ದರಂತೆ. ಪಾಪ, ಕೇಳುತ್ತ ಕೇಳುತ್ತ ಒಳಗೇ ಸಿಕ್ಕಿಬಿದ್ದರು ಎಂದು ಮರುಕಪಟ್ಟರಂತೆ. ಇದೆಲ್ಲ ಆಮೇಲೆ ತಿಳಿದದ್ದು.

'ನಮ್ಮ ಮನಿ ಕಡೆ ಬರೋ ಗಾಡಿ ಎಲ್ಲಿ ಬಿಚ್ಚತಾರ?' ಎಂದಳು ವಿಜಯಾ.

'ವೆಸ್ಟ್ ಪೋರ್ಟಲ್.'

'ಅಲ್ಲಿಗೆ ಹೋಗ್ರಿ. ತಪ್ಪಿಸಿಕೊಂಡ್ರ ಜಂಕ್ಷನ್ನಿನಾಗ ಇಳದು ನಿಂದರಬೇಕು ಅಂತ ನಮಗ ಸಣ್ಣವರಿದ್ದಾಗಿಂದ ಹೇಳಿಕೊಟ್ಟಾರ. ಅಪ್ಪ ಬ್ಯಾರೆ ಕಡೆ ಹೋಗಂಗಿಲ್ಲ.' ಅವಳ ದನಿ ಅಷ್ಟರವರೆಗೆ ಗಟ್ಟಿಯಾಗಿತ್ತು. 'ಹೋಗಂಗಿಲ್ಲ ಅಲ್ರೀ?' ಎಂದು ಸೇರಿಸಿದಾಗ ಗಟ್ಟಿಯಾಗಿರಲಿಲ್ಲ. ಇಲ್ಲ ಎಂದು ಹೇಳಿ ಫೋನಿಟ್ಟೆ. ನನಗೇನು ಗೊತ್ತಿತ್ತು?

ವೆಸ್ಟ್ ಪೋರ್ಟಲ್ಲಿನ ಕಡೆಗೆ ಹೋಗುವ ಮೊದಲ ಗಾಡಿ ಹತ್ತಿದೆ. ನಡುವಿನ ಸ್ಟೇಷನ್ನುಗಳಲ್ಲೆಲ್ಲ ಬಾಗಿಲಿನಿಂದ ತಲೆ ಹೊರಹಾಕಿ ನೋಡಿದೆ. ಕ್ಯಾಸ್ಟ್ರೋ ದಾಟಿದ ಮೇಲೆ ಗುಡ್ಡದ ಕೆಳಗಿನ ಉದ್ದ ಸುರಂಗ. ಈ ಸುರಂಗದ ಬಗೆಗೆ ನಾನು ಎಷ್ಟು ಹೊಗಳಿ ಮಾತಾಡಿದ್ದೇನೆಂದರೆ, ಇದು ಕೊರೆಯದಿದ್ದರೆ ಗುಡ್ಡದಾಚೆಯ ನಮ್ಮ ಬಡಾವಣೆಗಳೇ ಇರುತ್ತಿರಲಿಲ್ಲ, ಇದರಿಂದಲೇ ಮೂರು ಅಕ್ಷರಗಳು ಉಳಿದವು ಎಂದು ಕ್ಯಾಂಪ್‌ಬೆಲ್ಲಿನವರ ಊಟದ ಮೇಜುಗಳಲ್ಲಿ ಭಾಷಣ ಮಾಡಿದ್ದೇನೆ. ಆ ದಿನ ಅದು ಮುಗಿಯಲೇ ಇಲ್ಲ. ಕರಿಗಾಜಿನಲ್ಲಿ ನನ್ನದೇ ಮುಖ ನನ್ನನ್ನು ನೋಡುತ್ತಿತ್ತು. ಅಲ್ಲಿಲ್ಲದಿದ್ದರೆ? ಎಂಬುದರ ಮುಂದಕ್ಕೆ ಯೋಚನೆ ಹೋಗುತ್ತಿರಲಿಲ್ಲ. ಹಳಿ ಎಲ್ಲಿದೆಯೋ ಅಲ್ಲಿಗೇ ಹೋಗುತ್ತದೆ ಎಂಬ ಧೈರ್ಯದಿಂದ ಆರಿಸಿಕೊಂಡ ವಾಹನದಲ್ಲಿ, ಅದು ಹೋಗುವ ಕಡೆಗೇ ಅಂಜುತ್ತ ನಿಂತಿದ್ದೆ.

ಬೆಳಕು ಬಂತು. ವೆಸ್ಟ್ ಪೋರ್ಟಲ್ಲಿನ ಪ್ಲಾಟ್‌ಫಾರ್ಮಿನ ನಟ್ಟನಡುವೆ, ಬರುವ ಗಾಡಿಯ ಬಾಗಿಲುಗಳೆಲ್ಲ ಕಾಣುವ ಜಾಗ ನೋಡಿಕೊಂಡು, ಮಾವನವರು ನೆಟ್ಟಗೆ ನಿಂತಿದ್ದರು. ಮೇಘಾ ಅವರ ಕಾಲಿಗೆ ಒರಗಿ ಚಪ್ಪರಿಸುತ್ತ ಏನೋ ತಿನ್ನುತ್ತಿದ್ದಳು. ಅವಳನ್ನು ಎತ್ತಿಕೊಂಡೆ. ಅತ್ತುಬಿಟ್ಟೆ. ಅತ್ತೆನೆಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಆಗ ಬಾಯಿಂದ ಬಂದ ಮೊದಲ ಮಾತೇ ಬೈಗುಳದ ಹಾಗಿತ್ತು. ಇಲ್ಲಿಗೆ ಬರುತ್ತೇನೆಂದು ನಿಮಗೆ ಹೇಗೆ ಗೊತ್ತು ಎಂದು ರೇಗಿದೆ.

'ಎಲ್‌ನ್ಯಾಗ ಬರ್ರಿ, ಕೆದಾಗ ಬರ್ರಿ, ಎಮ್ಮಿನ್ಯಾಗ ಬರ್ರಿ, ಇಲ್ಲೇ ಬರಬೇಕಲ್ಲ?' ಎಂದರು ಶಾಂತವಾಗಿ. 'ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?'

ಪೊವೆಲ್‌ನಲ್ಲಿ ನನ್ನ ಹಿಂದೆ ಬಂದು ಅವರು ಹತ್ತಿದ್ದ ಗಾಡಿ ಕೆ ಮತ್ತು ಎಂ. ಅದರೊಳಗೆ ಮೇಘಾ 'ಅಜ್ಜಾ, ದಿಸ್ ಈಸ್ ನಾಟ್ ಎಲ್' ಎಂದು ಹಣೆಪಟ್ಟಿಯ ಲೋಪವನ್ನು ಎತ್ತಿ ತೋರಿಸಿದಳಂತೆ. ಅವರು ಒಪ್ಪಿಕೊಂಡು, ಬೆಳಿಗ್ಗೆ ಕೊಂಡಿ ಹಾಕುವುದನ್ನು ನೋಡಿದ ಜಾಗ ಬರುತ್ತಲೇ ಅವಳನ್ನು ಇಳಿಸಿಕೊಂಡರು. ಅವರು ಮಾಡಿದ್ದು ಇಷ್ಟೆ. ಊರಿನ ಹಳಿಗಳು ಎಲ್ಲೆಲ್ಲಿ ಅಗಲುತ್ತವೆಂದು ವರ್ಷಗಟ್ಟಲೆ ಓದಿದ ನಾನು ನಾಲ್ಕು ತುದಿಗಳಲ್ಲಿ ಹೆದರಿಕೊಂಡು ಅಲೆದಿದ್ದೆ. ನಮ್ಮ ಕಡೆಯವು ಕೂಡುವ ಜಾಗದಲ್ಲಿ ನಿಂತರೆ ಸಾಕೆಂದು ಒಂದು ಬಾರಿ ನೋಡಿದವರಿಗೆ ಹೊಳೆದಿತ್ತು. ನನಗೆ ಅವರ ಮೇಲೆ ಅಸೂಯೆಯೇ ಆಯಿತು. ಅವರ ಬುದ್ಧಿಗಿಂತ ಹೆಚ್ಚಾಗಿ ಅವರ ನಿರ್ಭೀತಿಯ ಮೇಲೆ.

ಮನೆಗೆ ಫೋನು ಮಾಡಿ, ಸಿಕ್ಕರು ಎಂದೆ. ವಿಜಯಾ ಬರೀ 'ಹೂಂ' ಎಂದು ಇಟ್ಟಳು. ನಮ್ಮ ಎಲ್ ಬಂತು. 'ಇದೇ ಮಾವ, ಇದೇ ಗಾಡಿ' ಎಂದೆ, ಮುಂದು ಹಿಂದು ಎಂಬ ಮಾತುಗಳ ಗೊಡವೆಗೆ ಹೋಗದೆ. ನಾವು ಹತ್ತಿದ ಮೇಲೆ ಗಾಡಿಯ ಮೆಟ್ಟಿಲುಗಳು ನೆಲಮಟ್ಟಕ್ಕೆ ಇಳಿದವು, ಗಾಡಿ ಬೀದಿ ಹಿಡಿಯಿತು. ಮಂಜು ಕವಿಯತೊಡಗಿತ್ತು. ಮೇಘಾ ಕಿಟಕಿಗೆ ಮೂಗೊತ್ತಿ ಕೂತಳು. ಮಾವನವರು ನನ್ನ ಕಡೆ ಬಾಗಿ, ಅವಳಿಗೆ ಕೇಳಿಸದ ದನಿಯಲ್ಲಿ ಹೇಳಿದರು.

'ನೀವು ಬರಲಿಕ್ಕೆ ಭಾಳ ತಡಾ ಆತು, ಅಳಿಯಂದಿರ. ನಾಕು ಗಾಡಿ ಹೋದವು. ಒಂದು ವ್ಯಾಳ್ಯಾ ಬರಲೇ ಇಲ್ಲಂದ್ರ ಅಂತ, ಮನಿ ಎಲ್ಲದವ್ವಾ ಅಂತ ಕೂಸಿಗೆ ಕೇಳಿದೆ. ಹೇಳಿದ್ಲು, ಇಂಗ್ಲಿಷಿನ್ಯಾಗ. ನನಗ ಒಂದಕ್ಷರ ತಿಳೀಲಿಲ್ಲ. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಹೇಳಿದ್ಲು. ಮೂರನೇ ಸಲ ಕೇಳಿದ್ರ ಅಜ್ಜಗ ಗೊತ್ತಿಲ್ಲ ಅಂತ ಅಕಿಗೆ ತಿಳೀತದ, ಅಳ್ತಾಳ. ಅದಕ್ಕ, ತಿಳೀತು ಅಂದೆ.'

ಇಷ್ಟು ಹೇಳಿ ನೆಟ್ಟಗೆ ಕೂತರು. ಮೇಘಾಳನ್ನು ಕರೆದು, ನಮ್ಮ ಮನೆ ಎಲ್ಲಿದೆಯೆಂದು ಅಜ್ಜನಿಗೆ ಹೇಳಿಕೊಡು, ಮೆಲ್ಲಗೆ ಹೇಳು ಎಂದೆ. ಅವಳು ಅಜ್ಜನ ತೊಡೆಯೇರಿ, 'ಥರ್ಟಿ ಫೋರ್ತ್ ಅವೆನ್ಯೂ' ಎಂದಳು. 'ಥರ್ಟಿ ಫೋರ್' ಎಂದರು ಅವರು. 'ನೋ ಅಜ್ಜಾ, ಫೋರ್ತ್!' ಎಂದು ಅವರ ಗಲ್ಲ ಹಿಡಿದು ಬಾಯಿಯ ಆಕಾರ ತಿದ್ದಿದಳು. ಮೂವತ್ತು ವರ್ಷ ಊರೂರಿನ ಹೆಸರು ಕೂಗಿದ ಮನುಷ್ಯ ಕಣ್ಣುಮುಚ್ಚಿ ಮತ್ತೆ ಹೇಳಿದರು, ಅವಳು ಮತ್ತೆ ತಿದ್ದಿದಳು. ಅದನ್ನೇ ಕೇಳುತ್ತ ಕೂತಿದ್ದ ನಾನು ಹೊರಗೆ ನೋಡಿದಾಗ ನಮ್ಮ ಸ್ಟಾಪು ದಾಟಿ ಮೂರು ಬೀದಿ ಮುಂದೆ ಬಂದಿದ್ದೆವು.